ಹೆಸರು ಕೇಳದ ಬಾಗಿಲು

ಸಂಜೆಯ ಮಳೆ ಹಿಡಿದ ಹಠ ಬಿಡಲಿಲ್ಲ. ಬಸ್ಸು ಸೇತುವೆಯ ಈಚೆಗೇ ನಿಂತುಬಿಟ್ಟಿತ್ತು; ಅದರಲ್ಲಿ ಉಳಿದಿದ್ದವರು ಇಬ್ಬರೇ. ಹತ್ತಿರದ ಮನೆಯ ಬಾಗಿಲು ತಟ್ಟಿದ ನರ್ಸಮ್ಮನಿಗೂ ಡ್ರೈವರನಿಗೂ ಒಳಗಿನವರು ಒಣ ಟವೆಲು, ಬಿಸಿ ಚಹಾ ಕೊಟ್ಟು ಚಾಪೆ ಹಾಸಿದ್ದರು. ಯಾರು, ಎತ್ತ ಎಂದು ಒಬ್ಬರೂ ಕೇಳಿರಲಿಲ್ಲ. ನರ್ಸಮ್ಮನಿಗೆ ಅದೇ ಸಂಕೋಚ.

"ನಾವು ಕಳ್ಳರಾಗಿದ್ದರೆ ಅಜ್ಜಿ?" ಅಂದಳು.

"ಇವನ ಮುಖ ನೋಡಿ ಅನುಮಾನ ಬಂತು. ಆದರೂ ಕೇಳೋ ಹಾಗಿಲ್ಲಮ್ಮ," ಎಂದು ಮನೆಯ ಹಿರಿಯಜ್ಜಿ ಡ್ರೈವರನತ್ತ ನೋಡಿ ನಕ್ಕಳು. ಆಮೇಲೆ ಕಾಲು ಚಾಚಿ ಕೂತು ಹೇಳತೊಡಗಿದಳು.

"ಈ ಮನೆ ನಮ್ಮದಲ್ಲ ಕಣಮ್ಮ, ವಕ್ಫ್. ನಮ್ಮ ಮಾವನವರ ಮುತ್ತಜ್ಜಿ ದೇವರ ಹೆಸರಿಗೆ ಬಿಟ್ಟದ್ದು. ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ. ವಂಶದ ಮಕ್ಕಳು ಇರಬಹುದು, ಬಾಗಿಲಿಗೆ ಬಂದವರಿಗೆ ಹೆಸರು ಕೇಳದೆ ಜಾಗ ಕೊಡಬೇಕು... ಪರದೇಶದವರ ಆಳ್ವಿಕೆಯಲ್ಲಿ, ನಮ್ಮತ್ತೆ ಗಂಡನ್ನ ಕಳಕೊಂಡು ಕೂಸುಗಳನ್ನ ಕಟ್ಟಿಕೊಂಡಿದ್ದಾಗ, ಅವಳ ಮೈದುನ ಇದನ್ನ ಮಾರಿಸಬೇಕು ಅಂತ ಕೋರ್ಟಿಗೆ ಹೋದ. ಅಲ್ಲಿನ ಬಿಳಿ ಜಡ್ಜ್ ಸಾಹೇಬರು ಏನಂದರು ಗೊತ್ತಾ? ಸ್ವಂತ ಮಕ್ಕಳಿಗೆ ಸೂರು ಕೊಟ್ಟರೆ ಅದು ದಾನ ಹೇಗಾಗುತ್ತೆ, ಬಂದವರಿಗೆ ಜಾಗ ಅನ್ನೋದು ಬರೀ ನೆಪ ಅಂತ. ನಮ್ಮಲ್ಲಿ ಮನೆಯವರನ್ನ ಸಾಕೋದೂ ಪುಣ್ಯವೇ ಅಂತ ವಕೀಲ ಗಂಟಲು ಹರಕೊಂಡ. ಅವರ ಊರಿನ ಕಾನೂನಿಗೆ ಕೇಳಿಸಬೇಕಲ್ಲ... ಮಾರಾಟದ ತೀರ್ಪಿಗೆ ನಾಳೆ ಸಹಿ ಹಾಕ್ತೀನಿ ಅಂತ ಸಾಹೇಬರು ಎದ್ದುಹೋದರು.

"ಮಾರನೇ ಸಂಜೆ ಇಂಥದೇ ಮಳೆ. ಬಾಗಿಲು ತಟ್ಟಿದ ಸದ್ದು. ತೆಗೆದರೆ ಯಾರಿದ್ದರು ಹೇಳು?... ಅದೇ ಸಾಹೇಬರು. ಮೈಯೆಲ್ಲ ತೊಪ್ಪೆ, ತುಟಿ ನೀಲಿ. ನಮ್ಮತ್ತೆಗೆ ಎದೆ ಹೊತ್ತಿ ಉರಿಯಿತು. ಮಕ್ಕಳನ್ನ ಬೀದಿಗೆ ಹಾಕೋನಿಗೆ ಬಾಗಿಲು ಮುಚ್ಚಬಹುದಿತ್ತಲ್ಲ? ಮುಚ್ಚಿದ್ದರೆ ಅವರಂದದ್ದೇ ನಿಜವಾಗುತ್ತಿತ್ತು... ಒಳಗೆ ಕರೆದಳು, ಒಲೆ ಮುಂದೆ ಕೂರಿಸಿದಳು, ಗಂಡನ ಕಂಬಳಿ ಹೊದಿಸಿದಳು. 'ನಿನ್ನ ಋಣ' ಅಂತ ಅವರು ನಮ್ಮ ಮಾತಲ್ಲೇ ತಡವರಿಸಿದರಂತೆ. 'ನನ್ನದೇನಿದೆ ಸಾಹೇಬರೇ, ನಾನೂ ಇಲ್ಲಿ ಬಂದವಳೇ,' ಅಂದಳಂತೆ.

"ಬೆಳಗ್ಗೆ ನೋಡಿದರೆ ಆತ ಇಲ್ಲ, ಕಂಬಳಿಯಿಂದ ನೀರು ಸೋರ್ತಿತ್ತು. ಕೋರ್ಟಿನ ಜವಾನ ಬಂದು ಹೇಳಿದ... ಹಿಂದಿನ ದಿನ ಬೆಳಗ್ಗೇನೇ, ಕೋರ್ಟಿಗೆ ಬರುವಾಗ ದೋಣಿ ಮಗುಚಿ ಸಾಹೇಬರು ತೀರಿಕೊಂಡಿದ್ದರಂತೆ. ಸಹಿ ಬೀಳಲೇ ಇಲ್ಲ. ಕೇಸು ಎಳೆದೂ ಎಳೆದೂ ನಡೀತು. ಅಷ್ಟರಲ್ಲಿ ಮನೆಯವರಿಗೆ ಬಿಟ್ಟದ್ದೂ ವಕ್ಫೇ ಅಂತ ಆ ದೊರೆಗಳೇ ಹೊಸ ಕಾನೂನು ತಂದರು. ನಾವು ಉಳಕೊಂಡೆವು. ನಮ್ಮತ್ತೆ ಕೊನೇವರೆಗೂ ಆತನಿಗಾಗಿ ಕೈಯೆತ್ತಿ ಬೇಡಿಕೊಳ್ತಿದ್ದಳು. 'ಆ ಸಂಜೆ ಅವರು ಬಾರದಿದ್ದರೆ ನಾನು ಈ ಮನೆಗೆ ತಕ್ಕವಳೋ ಅಲ್ಲವೋ ನನಗೇ ತಿಳೀತಿರಲಿಲ್ಲ' ಅನ್ನೋಳು."

ಡ್ರೈವರ್ ಚಾಪೆಯ ಮೇಲೆ ಮುಂದಕ್ಕೆ ಸರಿದ. "ಆ ಸಾಹೇಬರು ಮತ್ತೆ ಬಂದಿದ್ದರಾ ಅಜ್ಜಿ?"

ಅಜ್ಜಿಯ ಕಣ್ಣು ನರ್ಸಮ್ಮನ ಹೆಗಲ ಆಚೆಗೆ ಹೋಯಿತು. ನರ್ಸಮ್ಮನ ಕತ್ತಿಗೆ ತಣ್ಣಗೆ ಏನೋ ತಾಗಿದಂತಾಯಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ಸ್ವಲ್ಪ ಸರಿದು ಕೂರಮ್ಮ," ಅಂದಳು ಅಜ್ಜಿ ಮೆಲ್ಲಗೆ. "ಪಾಪ, ಆಗಿನಿಂದ ನಿಂತೇ ಕೇಳ್ತಿದ್ದಾರೆ..."