ಎರಡನೆಯ ಪ್ಯಾಚ್

...ಬೇಡ ಸಿಸ್ಟರ್, ನೀರು ಬೇಡ. ಇನ್ನರ್ಧ ಗಂಟೆಗೆ ನಿಮ್ಮನ್ನ ವಿಚಾರಣೆಗೆ ಕರೀತಾರೆ. ಅದಕ್ಕೆ ಮುಂಚೆ ನಾನು ಕೊಟ್ಟ ದೂರಿನಲ್ಲಿ ಏನಿದೆ ಅಂತ ನಿಮಗೇ ಹೇಳಿಬಿಡ್ತೀನಿ. ಕದ್ದುಮುಚ್ಚಿ ಮಾಡೋ ಜಾತಿಯವಳಲ್ಲ ನಾನು.

ಅವತ್ತು ಮಂಗಳವಾರ. ಬೀರುವಿನಡಿ ಒಂದು ಚಮಚ ಬಿದ್ದಿತ್ತು, ಅಷ್ಟೇ. ತೆಗೀತೀನಿ ಅಂತ ನಮ್ಮ ಯಜಮಾನ್ರು ಬೀರು ಸರಿಸಿದ್ರು, ಸೊಂಟ ಹಿಡೀತು. ಈ ವಯಸ್ಸಲ್ಲಿ ನಿಮಗ್ಯಾಕ್ರೀ ಪೈಲ್ವಾನಿಕೆ ಅಂತ ನಕ್ಕೆ. ನಕ್ಕೆ ನೋಡಿ... ಕುರ್ಚಿ ಸಮೇತ ಎತ್ಕೊಂಡು ಬಂದ್ವಿ ಈ ಆಸ್ಪತ್ರೆಗೆ.

ಗುರುವಾರ ನೀವು ಇವರ ಎದೆ ಮೇಲೆ ನೋವಿನ ಪ್ಯಾಚ್, ಅದೇ ಚರ್ಮದಿಂದ ಮದ್ದು ಇಳಿಯೋ ಪಟ್ಟಿ, ಅಂಟಿಸಿ ಅದರ ಮೇಲೆ ತಾರೀಖು ಬರೆದ್ರಿ. ನನಗೆ ಮೆಚ್ಚಿಗೆಯಾಯ್ತು. ತಾರೀಖಿಲ್ಲದ ಉತ್ತರಪತ್ರಿಕೆ ನಾನು ಮುಟ್ಟೋದೇ ಇಲ್ಲ. ನೀವು ಹೇಳಿದ್ದು ಒಪ್ಪಿಸ್ಲಾ? ಒಂದು ಸಲಕ್ಕೆ ಒಂದೇ. ಮೂರು ದಿನ. ಜಾಸ್ತಿಯಾದ್ರೆ ಉಸಿರು ಇಳಿಯುತ್ತೆ. ಉಳಿದವು ಮೇಜಿನ ಖಾನೆಯಲ್ಲಿರಲಿ, ನಾನೇ ಬದಲಾಯಿಸ್ತೀನಿ, ನೀವು ಮುಟ್ಟಬೇಡಿ. ಸರೀನಾ?

ನಾನು ಹಾಸಿಗೆ ಪಕ್ಕ ಏಳನೇ ತರಗತಿ ಪೇಪರ್ ತಿದ್ದುತ್ತಾ ಕೂತಿದ್ದೆ. ಸಹಿ ಹಾಕೋಕೆ ನನ್ನ ಪೆನ್ನು ಇಸ್ಕೊಂಡ್ರಿ, ವಾರ್ಡಲ್ಲಿ ಕೆಂಪು ನಡೆಯಲ್ಲ ಮೇಡಂ ಅಂತ ವಾಪಸ್ ಕೊಟ್ರಿ. ಆಗ ಇವರೂ ನಕ್ರು.

ಶುಕ್ರವಾರ ಮಧ್ಯಾಹ್ನ ಮಾತ್ರ... ಅರವತ್ತು ವರ್ಷದ ಗಂಡಸು ಅಮ್ಮಾ ಅಮ್ಮಾ ಅಂತ ಮಗುವಿನ ಹಾಗೆ ಅಳ್ತಿದ್ರು. ಮೂರು ಸಲ ಗಂಟೆ ಒತ್ತಿದೆ. ಮೂರು ಸಲ! ನೀವು ಬರಲಿಲ್ಲ. ತಲೆ ಯಾಕೆ ತಗ್ಗಿಸ್ತೀರಿ? ನಲವತ್ತು ಹಾಸಿಗೆಗೆ ನೀವೊಬ್ಬರೇ ಅಂತ ನನಗೂ ಗೊತ್ತು.

ಆಮೇಲೆ ಗೊರಕೆ. ಸದ್ಯ ನಿದ್ದೆ ಬಂತು ಅಂದ್ಕೊಂಡೆ. ತುಟಿ ನೀಲಿಯಾದಾಗ ಕೂಗಿದೆ. ಡಾಕ್ಟರು ಓಡಿ ಬಂದ್ರು, ಎದೆಯ ಪ್ಯಾಚ್ ಕಿತ್ತು, ಆ ಮದ್ದಿನ ಅಮಲು ಇಳಿಸೋ ಒಂದು ಇಂಜೆಕ್ಷನ್ ಕೊಟ್ರು. ಎರಡೇ ನಿಮಿಷ, ಕಣ್ಣು ಬಿಟ್ರು. ಕೇಳಿದ್ದೇನು ಗೊತ್ತಾ? "ಪೇಪರ್ ತಿದ್ದಿ ಮುಗೀತಾ?"

ಬೇರೆ ಎಲ್ಲಾದ್ರೂ ಪ್ಯಾಚ್ ಇದೆಯಾ ಅಂದ್ರು ಡಾಕ್ಟರು. ಇಲ್ಲ ಅಂದ್ರಿ ನೀವು. ಹೌದು, ನನ್ನ ಮುಖಾನೂ ನೋಡಿದ್ರಿ. ನಾನೇನು ಹೇಳ್ಲಿ? ಮೇಷ್ಟ್ರ ಕೆಲಸ ನನ್ನದು, ನರ್ಸ್ ಕೆಲಸ ನಿಮ್ಮದು.

ಒಂದು ಗಂಟೆಯೊಳಗೆ ಇಂಜೆಕ್ಷನ್ನಿನ ಶಕ್ತಿ ಇಳೀತು. ಉಸಿರೂ ಇಳೀತು. ಮತ್ತೆ ಕೊಟ್ರು... ಅಷ್ಟರಲ್ಲಿ ಹೃದಯ ನಿಂತಿತ್ತು.

ದೇಹ ಒರೆಸುವಾಗ ಬೆನ್ನಲ್ಲಿ ಇನ್ನೊಂದು ಪ್ಯಾಚ್ ಸಿಕ್ತು ಅಂತ ನೀವೇ ವರದಿ ಕೊಟ್ಟಿದ್ದೀರಿ. ಅದಕ್ಕೇ ಬರೆದೆ ದೂರು: ಹಳೆಯದಿದ್ದದ್ದು ಮರೆತು ಸಿಸ್ಟರ್ ಹೊಸದು ಅಂಟಿಸಿದ್ದಾರೆ, ಕೆಲಸದಿಂದ ತೆಗೀಬೇಕು. ಆದರೆ ಪ್ಯಾಚನ್ನ ನೀವು ಇನ್ನೂ ಯಾರಿಗೂ ತೋರಿಸಿಲ್ಲವಂತೆ. ಯಾಕೆ? ನಿಮ್ಮ ಕೈಬರಹ ಗುರುತು ಸಿಗುತ್ತೆ ಅಂತಲೇ?

ಜೇಬಿಗೆ ಯಾಕೆ ಕೈ ಹಾಕ್ತೀರಿ ಸಿಸ್ಟರ್?

ಏನದು ಪೊಟ್ಟಣ? ...ನನಗ್ಯಾಕೆ ಕೊಡ್ತೀರಿ? ಒಳಗೆ ವಿಚಾರಣೆ ಮಾಡೋರಿಗೆ ಕೊಡಿ... ಬಾಗಿಲು ಯಾಕೆ ಹಾಕಿದ್ರಿ?

...ಪ್ಯಾಚು. ಶುಕ್ರವಾರದ ತಾರೀಖು.

ಕೆಂಪು ಶಾಯಿ.