ಅಪ್ಪನ ಕಡೆಯ ಕಣ್ಣು

ಚಳಿಗಾಲದ ಬೆಳಿಗ್ಗೆ, ಹತ್ತು ಗಂಟೆ ಇರಬಹುದು. ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿಗೆ ಒಬ್ಬ ತಾಯಿ, ಮೂವತ್ತರ ಆಸುಪಾಸಿನ ಮಗಳು ಬಂದು ಕುಳಿತರು. ಮಗಳು ಹೊಲಿಗೆಯವಳು, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅವಳಿಗೆ ಅಕ್ಷರ ಕಾಣದೆ ತಾಯಿಯೇ ಫಾರಂ ತುಂಬುತ್ತಿದ್ದಳು.

“ಅಪ್ಪನ ಕಡೆ ಯಾರಿಗಾದ್ರೂ ಕಣ್ಣು ಹೋಗಿತ್ತಾ ಅಂತ ಕೇಳಿದಾರೆ. ಇಲ್ಲ ಅಂತ ಬರೀತೀನಿ.”

“ಯಾವ ಅಪ್ಪನ ಕಡೆ ಅಮ್ಮ?”

“ಮೆಲ್ಲಗೆ ಮಾತಾಡೇ, ಜನ ಇದಾರೆ.”

“ಸ್ಕೂಲಲ್ಲಿ ನನಗೆ ಬೋರ್ಡು ಕಾಣಲ್ಲ ಅಂದಾಗ್ಲೂ ನೀನು ಡಾಕ್ಟರಿಗೆ ಇಲ್ಲ ಅಂತಾನೇ ಹೇಳಿದ್ದೆ. ಯಾರೋ ದಾನ ಕೊಟ್ಟ ವೀರ್ಯಕ್ಕೆ ಹುಟ್ಟಿದೋಳು ಇವಳು ಅಂತ ಆವತ್ತೇ ಹೇಳಬಾರದಿತ್ತಾ?”

“ನಿಮ್ಮಪ್ಪನ ಮರ್ಯಾದೆ ನೋಡಿದೆ. ಬಣ್ಣ, ಎತ್ತರ ಅವರ ಹಾಗೇ ಇರೋರನ್ನ ಆರಿಸಿದೀವಿ ಅಂತ ಆ ಬಂಜೆತನದ ಆಸ್ಪತ್ರೆಯವರು ಅಂದಿದ್ರು ಕಣೆ.”

“ಬಟ್ಟೆ ಅಂಗಡಿಯವನೂ ಬಣ್ಣ ಹೊಂದಿಸಿ ಕೊಡ್ತಾನೆ. ಆದ್ರೆ ತೂತಿದೆಯಾ ಅಂತ ಬಿಡಿಸಿ ತೋರಿಸ್ತಾನೆ.”

“ಮೊನ್ನೆ ಆ ಆಸ್ಪತ್ರೆಯವರನ್ನೇ ಕೇಳೋಕೆ ಹೋಗಿದ್ಯಲ್ಲ, ಏನಂದ್ರು?”

“ನಿನ್ನ ಸಹಿ ತೋರಿಸಿದ್ರು. ದಾನ ಕೊಟ್ಟೋರ ಬಗ್ಗೆ ಹುಟ್ಟೋ ಮಗುನೂ ಯಾವತ್ತೂ ಏನೂ ಕೇಳಲ್ಲ ಅಂತ ಬರೆದುಕೊಟ್ಟಿದೀಯಂತೆ.”

“ಮಗು ಆದ್ರೆ ಸಾಕಾಗಿತ್ತು. ಓದದೇ ಸಹಿ ಹಾಕಿದೆ.”

“ಹುಟ್ಟೋಕೆ ಮುಂಚೇನೇ ನನ್ನ ಬಾಯಿಗೆ ಹೊಲಿಗೆ ಹಾಕಿದೆ. ಈ ಕಾಯಿಲೆ ವಂಶದಿಂದ ಬರೋದಂತೆ. ನನಗೆ ದಾನ ಕೊಟ್ಟೋರ ಹೆಸರು ಬೇಡ. ಅವರ ಮನೇಲಿ ಯಾವ ವಯಸ್ಸಿಗೆ ಕಣ್ಣು ಹೋಯ್ತು, ಅಷ್ಟು ಹೇಳಿದ್ರೆ ನನ್ನ ಕಣ್ಣಿಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಗೊತ್ತಾಗ್ತಿತ್ತು.”

ನರ್ಸು ಕರೆದಳು. ತಾಯಿ ‘ಇಲ್ಲ’ ಎಂದು ಬರೆದದ್ದನ್ನು ಹೊಡೆದುಹಾಕಿದಳು.

“ಗೊತ್ತಿಲ್ಲ ಅಂತ ಬರೆದೆ. ತಡಿ, ಕೈ ಹಿಡ್ಕೋತೀನಿ.”

“ನೀನಿಲ್ಲೇ ಕೂತಿರು. ಇನ್ಮೇಲೆ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ.”

ಮಗಳು ಗೋಡೆ ಸವರುತ್ತಾ ಒಬ್ಬಳೇ ಒಳಗೆ ಹೋದಳು.