ಚುಕ್ಕಾಣಿ ಮುಂಬಾಗಿಲಿನಿಂದಲೇ ಬಂತು

ಹೇಳಿಕೆ ಕೊಡುವವರು: ದೋಣಿಕಟ್ಟೆಯಲ್ಲಿ ಎಲ್ಲರೂ ‘ಹಾಯಿ ಅತ್ತಿಗೆ’ ಎಂದು ಕರೆಯುವವರು. ವಯಸ್ಸು: 52 ವರ್ಷ. ಉದ್ಯೋಗ: ಹಾಯಿ ಮತ್ತು ತಾಡಪಾಲು ಹೊಲಿಗೆ. ವಾಸ: ದೋಣಿಕಟ್ಟೆಯ ಹಿಂದಿನ ಬೀದಿ, ಹಗ್ಗದ ಅಂಗಡಿಯ ಮಹಡಿ ಮನೆ.

ನನ್ನ ಮೈದುನ, ಅಂದರೆ ತೀರಿಕೊಂಡ ನನ್ನ ಗಂಡನ ತಮ್ಮ, ಇಂದು ಬೆಳಿಗ್ಗೆ ನನ್ನ ಮೇಲೆ ದೂರು ಕೊಟ್ಟಿರುವುದಾಗಿ ತಿಳಿಯಿತು. ನಾನು ಆತನ ಮನೆಗೆ ನುಗ್ಗಿ ದೋಣಿಯ ಚುಕ್ಕಾಣಿ ಕದ್ದೆ, ಆಮೇಲೆ ದೋಣಿಯನ್ನೂ ಕದ್ದೆ ಎಂದು ದೂರಿನಲ್ಲಿದೆಯಂತೆ. ಕರೆ ಬರುವವರೆಗೆ ಕಾಯದೆ ನಾನಾಗಿಯೇ ಠಾಣೆಗೆ ಬಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಸುತ್ತಿದ್ದೇನೆ.

ಆ ದೋಣಿಯನ್ನು ಕಟ್ಟಿದವರು ನನ್ನ ಮಾವ. ಉದ್ದ ಹತ್ತೊಂಬತ್ತು ಅಡಿ, ಹಾಯಿ ಕಟ್ಟುವ ಕೂವೆಮರ ಒಂದು, ಹಾಯಿ ಎರಡು. ಅದರಲ್ಲಿ ಮಲಗಲು ಜಾಗವಿಲ್ಲ. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಹಗಲು ದೋಣಿ. ತಳದ ಕೆಳಗೆ ಸೀಸದ ದಪ್ಪ ರೆಕ್ಕೆಯೊಂದನ್ನು ಕದಲದಂತೆ ಬಿಗಿದಿದ್ದಾರೆ. ಕಟ್ಟೆಯವರು ಅದನ್ನು ಕೀಲ್ ಎನ್ನುತ್ತಾರೆ. ಅದಿರುವುದರಿಂದ ದೋಣಿ ಮರಳಿನ ದಡಕ್ಕೆ ಬರುವಂತಿಲ್ಲ, ಆಳದಲ್ಲೇ ನಿಲ್ಲಬೇಕು. ಮೇಲೆ ಮೆರೆಯೋಳು ಸೊಸೆ, ಕೆಳಗೆ ಹಿಡ್ಕೊಂಡಿರೋಳು ಅತ್ತೆ ಎಂದು ಮಾವ ತಮಾಷೆ ಮಾಡುತ್ತಿದ್ದರು. ಅತ್ತೆಯವರು ಎದುರಿಗಿಲ್ಲದಾಗ ಮಾತ್ರ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬುದು ಮಾವನಿಗೆ ಗೊತ್ತಿತ್ತು. ಅದಕ್ಕೇ ಅವರು ಒಂದು ಕಟ್ಟಳೆ ಮಾಡಿದ್ದರು. ಸಂಜೆ ದೋಣಿ ಕಟ್ಟಿದ ಮೇಲೆ ಹಾಯಿಯ ಚೀಲ ಹಿರಿಯ ಮಗನ ಮನೆಗೆ ಹೋಗಬೇಕು, ಚುಕ್ಕಾಣಿ ಕಿರಿಯ ಮಗನ ಮನೆಗೆ ಹೋಗಬೇಕು. ಒಬ್ಬರನ್ನು ಕೇಳದೆ ಇನ್ನೊಬ್ಬರು ಹೊರಡುವಂತಿಲ್ಲ. ಮಾವನ ಕಾಲ ಮುಗಿದ ಮೇಲೂ ಇದು ನಡೆದುಕೊಂಡು ಬಂತು. ನಾನೂ ನನ್ನ ಗಂಡನೂ ಜನರನ್ನು ಕೂರಿಸಿಕೊಂಡು ಕೊಲ್ಲಿ ಸುತ್ತಿಸುತ್ತಿದ್ದೆವು. ಗಂಡ ಚುಕ್ಕಾಣಿ ಹಿಡಿಯುತ್ತಿದ್ದರು, ಹಾಯಿ ನನ್ನದು. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು. ಅಂದಿನಿಂದ ಮೈದುನ ಚುಕ್ಕಾಣಿ ಕೊಡಲಿಲ್ಲ. ಹೆಂಗಸು ಒಬ್ಬಳೇ ನೀರಿಗಿಳಿದರೆ ನಾಳೆ ಊರಿಗೆ ಯಾರು ಉತ್ತರ ಹೇಳುವುದು ಎಂದ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬಂತೆ ದೋಣಿ ಧಕ್ಕೆಯಲ್ಲಿ, ಅಂದರೆ ದೋಣಿಗಳನ್ನು ಕಟ್ಟಿಹಾಕುವ ಜಾಗದಲ್ಲೇ, ಪಾಚಿ ಕಟ್ಟುತ್ತ ನಿಂತಿತು. ಈ ಎರಡು ವರ್ಷದಲ್ಲಿ ನಾನು ಅದಕ್ಕೆ ಹೊಸ ಹಾಯಿ ಹೊಲಿದು ಮುಗಿಸಿದ್ದೇನೆ.

ನಿನ್ನೆ ಸಂಜೆ ಧಕ್ಕೆಯ ಕ್ರೇನಿನವನು ನನ್ನ ಮನೆಯ ಮೆಟ್ಟಿಲ ಬಳಿ ನಿಂತು, ಬೆಳಿಗ್ಗೆ ಏಳಕ್ಕೆ ನಿಮ್ಮ ದೋಣಿ ಮೇಲೆತ್ತಲು ಹೇಳಿದ್ದಾರೆ, ಗುಜರಿಯವನು ಬಂದು ಕೀಲ್ ಕತ್ತರಿಸಿ ಸೀಸ ಒಯ್ಯುತ್ತಾನಂತೆ, ಅತ್ತಿಗೆಯೂ ಒಪ್ಪಿದ್ದಾರೆ ಎಂದು ನಿಮ್ಮ ಮೈದುನ ಹೇಳಿದ, ಹೌದೇ ಎಂದು ಕೇಳಿದನು. ನಾನು ಒಪ್ಪಿರಲಿಲ್ಲ. ಅರ್ಧ ದೋಣಿ ನನ್ನದು. ಆಗಲೇ ಠಾಣೆಗೆ ಬರಬಹುದಿತ್ತಲ್ಲವೇ ಎಂದು ಸಾಹೇಬರು ಕೇಳಿದ್ದಕ್ಕೆ, ಕತ್ತರಿಸಿದ ಮೇಲೆ ಠಾಣೆಯವರು ಅಂಟಿಸಿ ಕೊಡುತ್ತಾರೆಯೇ ಎಂದು ಕೇಳಿದ್ದೇನೆ. ಅದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಇಂದು ಬೆಳಿಗ್ಗೆ ಆರು ಗಂಟೆಗೆ ನಾನು ಹಾಯಿಯ ಚೀಲ ಹೊತ್ತು ಧಕ್ಕೆಗೆ ಹೋದೆ. ಚುಕ್ಕಾಣಿ ಇರಲಿಲ್ಲ. ಅದರ ಬದಲಿಗೆ ಒಂದು ಹುಟ್ಟನ್ನು ಹಿಂಬದಿಗೆ ಕಟ್ಟುತ್ತಿದ್ದೆ. ಅದು ನೆಟ್ಟಗೆ ನಿಲ್ಲಲಿಲ್ಲ. ಎರಡು ಸಲ ಬಿಚ್ಚಿ ಮೂರನೆಯ ಸಲ ಕಟ್ಟುತ್ತಿದ್ದಾಗ, ಹೆಗಲ ಮೇಲೆ ಚಾದರ ಸುತ್ತಿದ ಉದ್ದನೆಯ ಗಂಟು ಹೊತ್ತು ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಬಂದಳು. ಈ ಎರಡು ವರ್ಷ ಅವಳು ನನ್ನೊಂದಿಗೆ ಮಾತಾಡಿದವಳಲ್ಲ.

“ಅಕ್ಕ, ಬೇಗ ಹಿಡೀರಿ, ಹೆಗಲು ಬಿದ್ದೋಯ್ತು” ಅಂದಳು.

ಚಾದರ ಬಿಚ್ಚಿದರೆ ಚುಕ್ಕಾಣಿ. ಯಾರು ಕಳಿಸಿದ್ದು ಎಂದು ಕೇಳಿದೆ. “ಕಳಿಸಬೇಕಾದವರು ಗೊರಕೆ ಹೊಡೀತಿದಾರೆ. ನೀವು ಚೀಲ ಹೊತ್ತು ಹೋಗೋದು ಕಿಟಕಿಯಿಂದ ಕಂಡಿತು. ಮುಂಬಾಗಿಲು ತೆಗೆದು, ಇದನ್ನ ಹೊರಗಿಟ್ಟು, ಬಾಗಿಲು ಹಾಕ್ಕೊಂಡೇ ಬಂದೆ” ಅಂದಳು. ನಾನು ಮೈದುನನ ಮನೆಗೆ ನುಗ್ಗಿಲ್ಲ. ಆ ಮನೆಯ ಹೊಸ್ತಿಲು ತುಳಿದೇ ಎರಡು ವರ್ಷವಾಯಿತು.

ಚುಕ್ಕಾಣಿ ಸಿಕ್ಕಿತು, ನೀನಿನ್ನು ಹೋಗು ಎಂದೆ. ಹಾಯಿ ನೀವು ಹಿಡಿದರೆ ಇದನ್ನು ಯಾರು ಹಿಡಿಯುತ್ತಾರೆ, ಗಾಳಿಯೇ ಎಂದು ಕೇಳಿ ಅವಳು ದೋಣಿಗೆ ಇಳಿದಳು. ಅವಳು ಅದುವರೆಗೆ ಒಮ್ಮೆಯೂ ದೋಣಿ ಹತ್ತಿದವಳಲ್ಲ. ಬಲಕ್ಕೆ ತಿರುಗಬೇಕಾದರೆ ಹಿಡಿಯನ್ನು ಎಡಕ್ಕೆ ತಳ್ಳಬೇಕು ಎಂದು ಹೇಳಿಕೊಟ್ಟೆ. “ಓ, ನಮ್ಮನೆಯವರ ಥರಾನೇ. ಹೇಳಿದ್ದಕ್ಕೆ ಉಲ್ಟಾ” ಎಂದಳು. ಅವಳಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ.

ಆರೂವರೆಗೆ ಹಗ್ಗ ಬಿಚ್ಚಿದೆವು. ಧಕ್ಕೆಯಿಂದ ಸುಮಾರು ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಗಾಳಿ ಒಮ್ಮೆಲೇ ಬಿರುಸಾಗಿ ದೋಣಿ ಒಂದು ಮಗ್ಗುಲಿಗೆ ವಾಲಿತು. ಅಂಚಿನವರೆಗೆ ನೀರು ಬಂತು. ಓರಗಿತ್ತಿ ಚುಕ್ಕಾಣಿ ಬಿಡಲಿಲ್ಲ, ಆದರೆ “ಅಕ್ಕ, ಮಗುಚಿತು, ಮುಗೀತು” ಎಂದು ಕೂಗಿದಳು. ಕೆಳಗಿನ ಭಾರ ಇರುವವರೆಗೆ ಮಗುಚುವುದಿಲ್ಲ, ಎಷ್ಟು ವಾಲಿದರೂ ಅದು ಎಳೆದು ನಿಲ್ಲಿಸುತ್ತದೆ, ಸುಮ್ಮನೆ ನೋಡು ಎಂದೆ. ದೋಣಿ ತಾನಾಗಿ ನೆಟ್ಟಗಾಯಿತು.

“ಇದನ್ನೇನಾ ಅವರು ಕಿತ್ತು ಮಾರೋಕೆ ಹೊರಟಿದ್ದು?”

“ಇದನ್ನೇ.”

ಅವಳು ಧಕ್ಕೆಯ ಕಡೆ ನೋಡಿದಳು. ಆಮೇಲೆ, “ಹಾಗಾದ್ರೆ ಇನ್ನೂ ದೂರ ಹೋಗೋಣ ನಡೀರಿ” ಅಂದಳು.

ಏಳು ಗಂಟೆಯ ನಂತರ ಮೈದುನನೂ ಗುಜರಿ ಅಂಗಡಿಯವನೂ ಒಂದು ಮೋಟಾರು ದೋಣಿಯಲ್ಲಿ ನಮ್ಮ ಹಿಂದೆ ಬಂದರು. ಅತ್ತಿಗೆ, ಮರ್ಯಾದೆಯಾಗಿ ತಿರುಗಿಸಿ, ಇಲ್ಲದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎಂದು ಮೈದುನ ಕೂಗಿದ. ಹಾಯಿ ಅಡ್ಡವಿದ್ದುದರಿಂದ ಹಿಂಬದಿಯಲ್ಲಿ ಕೂತವಳು ಆತನಿಗೆ ಕಂಡಿರಲಿಲ್ಲ. ಹಾಯಿ ಆಚೆ ಬದಿಗೆ ಹೊರಳಿದಾಗ ಕಂಡಳು. ಆತನ ದನಿ ಇಳಿಯಿತು.

“ನೀನಾ? ಮನೆ ಬೀಗದ ಕೈ ಎಲ್ಲಿಟ್ಟೆ?”

“ಇಡೋ ಕಡೆನೇ ಇಟ್ಟಿದೀನಿ. ಹುಡುಕಿ ಅಭ್ಯಾಸ ಇದ್ರೆ ಸಿಗುತ್ತೆ.”

ಗುಜರಿಯವನು ಆತನ ಕಡೆ ತಿರುಗಿ, ಎರಡು ಮನೆಯವರೂ ಒಪ್ಪಿದ್ದಾರೆ ಅಂದಿದ್ದಿರಲ್ಲ ಸ್ವಾಮಿ, ಇಲ್ಲಿ ಒಂದು ಮನೆಯೂ ಒಪ್ಪಿದ ಹಾಗೆ ಕಾಣುವುದಿಲ್ಲವಲ್ಲ ಎಂದನು. ಮೋಟಾರು ದೋಣಿ ತಿರುಗಿ ಹೋಯಿತು. ಅಲ್ಲಿಂದ ನೇರವಾಗಿ ಮೈದುನ ಠಾಣೆಗೆ ಬಂದು ನಾನು ನುಗ್ಗಿ ಕದ್ದೆನೆಂದು ಬರೆಸಿದ್ದಾನೆ. ಹೆಂಡತಿಯೇ ಹೊತ್ತೊಯ್ದಳೆಂದು ಬರೆಸಲು ನಾಚಿಕೆಯಾಗಿರಬಹುದು. ಅದಕ್ಕೆ ನನಗೆ ಆತನ ಮೇಲೆ ಸಿಟ್ಟಿಲ್ಲ. ದೋಣಿಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ದೋಣಿಯನ್ನು ಬಚ್ಚಿಟ್ಟಿಲ್ಲ. ಧಕ್ಕೆಯಿಂದ ಒಂದೂವರೆ ಕಿಲೋಮೀಟರ್ ಆಚೆ, ಆಳ ನೀರಿನಲ್ಲಿ ಲಂಗರು ಹಾಕಿ ತೇಲಿಬಿಟ್ಟಿರುವ ಕೆಂಪು ಪೀಪಾಯಿಗೆ ಕಟ್ಟಿದ್ದೇವೆ. ಕ್ರೇನು ಅಲ್ಲಿಗೆ ಬರುವುದಿಲ್ಲ. ನಾವು ಮೀನಿನ ದೋಣಿಯವರ ಜೊತೆ ದಡಕ್ಕೆ ಬಂದೆವು. ಕಟ್ಟಳೆಯಂತೆ ಹಾಯಿ ನನ್ನ ಮನೆಯಲ್ಲಿದೆ. ಚುಕ್ಕಾಣಿ ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತಿರುವ ನನ್ನ ಓರಗಿತ್ತಿಯ ತೊಡೆಯ ಮೇಲಿದೆ. ಅದನ್ನು ಜಪ್ತಿ ಮಾಡಬೇಕಾಗುತ್ತದೆ ಎಂದು ಸಾಹೇಬರು ತಿಳಿಸಿದ್ದಾರೆ. ಚುಕ್ಕಾಣಿ ಕಿರಿಯ ಮಗನ ಮನೆಯಲ್ಲಿರಬೇಕೆಂದು ಮಾವ ಹೇಳಿದ್ದು, ಮನೆ ಎಂದರೆ ಮನೆ ನಡೆಸುವವಳು, ಜಪ್ತಿ ಮಾಡುವುದಾದರೆ ತನ್ನನ್ನೂ ಸೇರಿಸಿ ಮಾಡಲಿ ಎಂದು ಅವಳು ಒಳಗೆ ಹೇಳಿ ಕಳಿಸಿದ್ದಾಳೆ. ನನ್ನ ಅಭಿಪ್ರಾಯವೂ ಅದೇ.

ನಾಳೆ ಬೆಳಿಗ್ಗೆ ಏಳಕ್ಕೆ ನಾಲ್ಕು ಜನರನ್ನು ಕೊಲ್ಲಿ ಸುತ್ತಿಸಲು ಒಪ್ಪಿಕೊಂಡಿದ್ದೇನೆ. ಇನ್ನೇನಾದರೂ ಕೇಳುವುದಿದ್ದರೆ ಅಷ್ಟರೊಳಗೆ ಧಕ್ಕೆಗೆ ಬರಬಹುದು. ಮೈದುನ ಬಂದರೆ ಅವನಿಗೂ ಒಂದು ಜಾಗವಿದೆ, ಮುಂದಿನ ಹಲಗೆಯ ಮೇಲೆ.

ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ್ದೇನೆ. ನಡೆದದ್ದೂ ಇದೇ, ನಾನು ಹೇಳಿದ್ದೂ ಇದೇ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಧಕ್ಕೆ ಠಾಣೆ
ದಿನಾಂಕ: 14, ಗುರುವಾರ
ಸಹಿ: (ಹಾಯಿ ಅತ್ತಿಗೆ)

ಸಾಕ್ಷಿ: ಹೇಳಿಕೆದಾರರ ಓರಗಿತ್ತಿ. ಬಲಗೈಯಲ್ಲಿದ್ದ ಚುಕ್ಕಾಣಿಯನ್ನು ಕೆಳಗಿಡಲು ಒಪ್ಪದ ಕಾರಣ ಎಡಗೈಯಲ್ಲಿ ಸಹಿ ಮಾಡಿರುತ್ತಾರೆ.